ಮೀಟರು ಮತ್ತೆ ಸೊನ್ನೆಗೆ ಬಂದ ಕಾರು

ಐದು ಅಂಕಿಯ ಮೀಟರು 99,999 ಕಿಲೋಮೀಟರು ತೋರಿಸಿದ ಮೇಲೆ ಏನಾಗುತ್ತದೆ? ಐದೂ ಅಂಕಿಗಳು ಒಮ್ಮೆಗೇ ಹೊರಳಿ ಸೊನ್ನೆಗಳು ಸಾಲಾಗಿ ನಿಲ್ಲುತ್ತವೆ. ಲಕ್ಷ ಕಿಲೋಮೀಟರು ಸವೆದ ಕಾರು ಮೀಟರಿನ ಲೆಕ್ಕದಲ್ಲಿ ಆಗಷ್ಟೇ ಹುಟ್ಟಿದ ಕೂಸು! ಅಂಬಾಸಡರ್, ಫಿಯಟ್‌ಗಳ ಕಾಲದಲ್ಲಿ ಇದು ಕಾರಿದ್ದ ಮನೆಗಳ ತಮಾಷೆ. ಮೀಟರು ಮರೆತ ಲಕ್ಷವನ್ನು ಮನೆಯವರು ನೆನಪಿಟ್ಟುಕೊಳ್ಳುತ್ತಿದ್ದರು. ‘ನಮ್ಮದು ಎರಡನೇ ಸುತ್ತು’ ಎನ್ನುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ, ಸ್ವಲ್ಪ ಆತಂಕ ಎರಡೂ ಇರುತ್ತಿದ್ದವು.

ಬೆಂಗಳೂರಿನ ದಕ್ಷಿಣ ಅಂಚಿನ ಉತ್ತರಹಳ್ಳಿಯಲ್ಲಿ ಎರಡನೇ ಸುತ್ತಿನ ಕಾರುಗಳು ಇಂದಿಗೂ ಅಪರೂಪವಲ್ಲ. ಫಿಯಟ್, ಅಂಬಾಸಡರ್‌ಗಳು ಕಾಣಸಿಗುವುದು ಕಡಿಮೆ. ಅವು ನಿಂತಿದ್ದ ಜಾಗದಲ್ಲಿ ಈಗ ಮಾರುತಿ ಎಸ್ಟೀಮ್, ಹುಂಡೈ ಆ್ಯಕ್ಸೆಂಟ್, ಹಳೆಯ ಹೋಂಡಾ ಸಿಟಿಗಳು ನಿಂತಿವೆ. ಮುಂದೆ ಎಂಜಿನ್, ನಡುವೆ ಜನ, ಹಿಂದೆ ಪ್ರತ್ಯೇಕ ಡಿಕ್ಕಿ ಇರುವ, ಸೆಡಾನ್ ಎನಿಸಿಕೊಳ್ಳುವ ಕಾರುಗಳಿವು. ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ ತಂದಿವೆ. ಮದುವೆಗೆ ಮದುಮಕ್ಕಳನ್ನು ಕರೆದೊಯ್ದಿವೆ. ಆಸ್ಪತ್ರೆಯಿಂದ ಬಾಣಂತಿಯನ್ನು ಮನೆಗೆ ತಂದಿವೆ. ಈಗ ಬಾಗಿಲ ಅಂಚಿಗೆ ತುಕ್ಕು ಹಿಡಿದಿದೆ, ಕ್ಲಚ್ ಬಿಗಿಯಾಗಿದೆ, ಏಸಿ ಯಾವಾಗಲೋ ನಿಂತಿದೆ. ಮಾರಿದರೆ ಬರುವ ಹಣ ಒಂದು ದೊಡ್ಡ ರಿಪೇರಿಗೂ ಸಾಲದು. ಆದರೂ ಮನೆಯವರು ಮಾರುವುದಿಲ್ಲ.

ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಅಭಿಮಾನ. ಅದು ಸುಳ್ಳಲ್ಲ. ಆದರೆ ಕಾರನ್ನು ಕೊನೆಯ ಉಸಿರಿನವರೆಗೂ ರಿಪೇರಿ ಮಾಡಿಸಿಕೊಂಡೇ ಓಡಿಸಬೇಕೆಂಬ ಈ ಅಭ್ಯಾಸ ನಮ್ಮ ಮಧ್ಯಮ ವರ್ಗಕ್ಕೆ ಬರೀ ಪ್ರೀತಿಯಿಂದ ಬಂದದ್ದಲ್ಲ. ಅದನ್ನು ಕಲಿಸಿದ್ದು ಕೊರತೆ. ಆ ಕೊರತೆಯ ಕಥೆಯ ಮೊದಲ ಅಧ್ಯಾಯದಲ್ಲಿ ಬೆಂಗಳೂರಿನ ಹೆಸರೂ ಇದೆ.

ಬಾರದೇ ಹೋದ ಕಾರ್ಖಾನೆ

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಇಳಿದು ಬಹಳ ವರ್ಷಗಳಾಗಿದ್ದವು. ಎಪ್ಪತ್ತು ದಾಟಿದ ಮೇಲೂ ಅವರ ತಲೆಯಲ್ಲಿ ಕಾರ್ಖಾನೆಗಳೇ ತುಂಬಿದ್ದವು. 1935ರಲ್ಲಿ ಯುರೋಪ್, ಅಮೆರಿಕಗಳನ್ನು ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆ ನಡೆಯಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟಲು ನೆರವು ಕೊಡುವುದಾಗಿ ಮುಂದೆ ಬಂತು.

ಆದರೆ ಅದು ಎರಡನೇ ಮಹಾಯುದ್ಧದ ಕಾಲ. ದಿಲ್ಲಿಯಲ್ಲಿದ್ದ ಬ್ರಿಟಿಷ್ ಸರ್ಕಾರಕ್ಕೆ ಈ ಯೋಜನೆಯಲ್ಲಿ ಆಸಕ್ತಿ ಇರಲಿಲ್ಲ, ಒಪ್ಪಿಗೆ ಸಿಗಲಿಲ್ಲ. ಯುದ್ಧಕ್ಕೆ ವಿಮಾನ ಬೇಕಿತ್ತು. ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದವು. ಇಂದಿನ ಎಚ್‌ಎಎಲ್‌ನ ಮೂಲ ಅದು. ಕಾರು ಕೇಳಿದ ಊರಿಗೆ ವಿಮಾನ ಸಿಕ್ಕಿತು!

ಕಾರಿನ ಕನಸನ್ನು ವಾಲ್‌ಚಂದ್ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿಕೊಂಡಿತು. ಕಾರ್ಖಾನೆ ಎದ್ದದ್ದು ಮುಂಬಯಿಯ ಕುರ್ಲಾದಲ್ಲಿ. ಮೊದಲು ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಕಾರುಗಳನ್ನು ಜೋಡಿಸುತ್ತಿದ್ದ ಈ ಕಂಪನಿ 1950ರ ದಶಕದಲ್ಲಿ ಇಟಲಿಯ ಫಿಯಟ್ ಕಡೆಗೆ ಹೊರಳಿತು. 1964ರಲ್ಲಿ ಬಂದ ‘ಫಿಯಟ್ 1100 ಡಿಲೈಟ್’ 1970ರ ದಶಕದಲ್ಲಿ ಹೆಸರು ಬದಲಿಸಿಕೊಂಡು ‘ಪ್ರೀಮಿಯರ್ ಪದ್ಮಿನಿ’ಯಾಯಿತು. ಜಯನಗರ, ಬಸವನಗುಡಿಯ ವೈದ್ಯರು, ವಕೀಲರು, ಬ್ಯಾಂಕ್ ಮ್ಯಾನೇಜರರು ಓಡಿಸುತ್ತಿದ್ದದ್ದು ಇದನ್ನೇ. ಹೆಸರು ಏನೇ ಬದಲಾದರೂ ಬೆಂಗಳೂರಿಗರ ಬಾಯಲ್ಲಿ ಅದು ಕೊನೆಯವರೆಗೂ ‘ಫಿಯಟ್’ ಆಗಿಯೇ ಉಳಿಯಿತು.

ಇನ್ನೊಂದು ಕಡೆ ಬಿರ್ಲಾ ಕುಟುಂಬದ ಹಿಂದೂಸ್ತಾನ್ ಮೋಟಾರ್ಸ್. 1942ರಲ್ಲಿ ಸ್ಥಾಪನೆಯಾಗಿ, ಸ್ವಾತಂತ್ರ್ಯದ ನಂತರ ಬಂಗಾಳದ ಉತ್ತರಪಾರಾಕ್ಕೆ ಬಂದ ಈ ಕಂಪನಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚುಗಳನ್ನು ತಂದು 1950ರ ದಶಕದ ಕೊನೆಗೆ ಅಂಬಾಸಡರ್ ತಯಾರಿಸತೊಡಗಿತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಹೆರಾಲ್ಡ್ ಎಂಬ ಚಿಕ್ಕ ಕಾರನ್ನು ತಂದಿತು. ಅಷ್ಟೇ. ಸುಮಾರು ಮೂರು ದಶಕ ಕಾಲ ಇಡೀ ದೇಶಕ್ಕೆ ಹೆಚ್ಚುಕಡಿಮೆ ಮೂರೇ ಕಾರು.

ಹಾರನ್ ಬಿಟ್ಟು ಎಲ್ಲವೂ

ಮೂರೇ ಯಾಕೆ? ಬಿಡಿಭಾಗಗಳನ್ನು ಹೊರಗಿನಿಂದ ತಂದು ಇಲ್ಲಿ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಬೇಕು ಎಂದು 1953ರಲ್ಲಿ ಸುಂಕ ಆಯೋಗ ಹೇಳಿದ ಮೇಲೆ, 1920ರ ದಶಕದಿಂದ ಇಲ್ಲಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಜೋಡಣಾ ಘಟಕಗಳನ್ನು ಮುಚ್ಚಿ ಹೊರಟವು. ಉಳಿದವರಿಗೆ ಲೈಸೆನ್ಸ್ ಕೊಟ್ಟಷ್ಟೇ ಕಾರು ತಯಾರಿಸುವ ಅವಕಾಶ. ಬೆಲೆಯೂ ಸರ್ಕಾರದ ಹಿಡಿತದಲ್ಲಿತ್ತು. ಬೇಕೆನ್ನುವವರು ಹೆಚ್ಚು, ಸಿಗುವುದು ಕಡಿಮೆ. ಫಿಯಟ್‌ಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹೀಗಾಗಿ ಒಂದು ವಿಚಿತ್ರ ನಡೆಯಿತು. ನಿನ್ನೆ ತಾನೆ ಷೋರೂಮಿನಿಂದ ಬಂದ ಕಾರನ್ನು ಇವತ್ತು ‘ಸೆಕೆಂಡ್ ಹ್ಯಾಂಡ್’ ಎಂದು ಮಾರಿದರೆ ಹೊಸದರ ಬೆಲೆಗಿಂತ ಹೆಚ್ಚು ಹಣ ಸಿಗುತ್ತಿತ್ತು.

ಗ್ರಾಹಕ ಕಾದು ನಿಂತಿರುವಾಗ ಗುಣಮಟ್ಟದ ಚಿಂತೆ ಯಾರಿಗೆ? ದೂರುಗಳು ಎಷ್ಟಾದವೆಂದರೆ 1967ರಲ್ಲಿ ಕೇಂದ್ರ ಸರ್ಕಾರ ಕಾರುಗಳ ಗುಣಮಟ್ಟ ವಿಚಾರಿಸಲೆಂದೇ ಒಂದು ಸಮಿತಿ ನೇಮಿಸಬೇಕಾಯಿತು. ಹಾರನ್ ಒಂದನ್ನು ಬಿಟ್ಟು ಕಾರಿನ ಎಲ್ಲ ಭಾಗಗಳೂ ಶಬ್ದ ಮಾಡುತ್ತವೆ ಎಂಬ ನಗೆಮಾತು ಹುಟ್ಟಿದ್ದು ಆ ಕಾಲದಲ್ಲೇ. ಹೊಸ ಕಾರು ತಂದವರು ಮೊದಲು ಮಾಡುತ್ತಿದ್ದ ಕೆಲಸ ಗಣಪತಿ ಗುಡಿಯಲ್ಲಿ ಪೂಜೆ. ಎರಡನೆಯದು ಪರಿಚಯದ ಮೆಕ್ಯಾನಿಕ್ ಬಳಿ ಹೋಗಿ ಎಲ್ಲ ನಟ್ಟು ಬೋಲ್ಟು ಬಿಗಿ ಮಾಡಿಸುವುದು. ಕಾರು ಮನೆಗೆ ಬಂದ ದಿನದಿಂದಲೇ ರಿಪೇರಿಯ ಸಂಬಂಧವೂ ಶುರು.

ಆದರೆ ಇದರಲ್ಲೊಂದು ತಿರುವು ಇದೆ. ಜನ ಬೈಯುತ್ತಿದ್ದ ಆ ಜಡತನವೇ ಕಾರಿನ ದೀರ್ಘಾಯುಷ್ಯಕ್ಕೂ ಕಾರಣವಾಯಿತು. ಇಟಲಿಯಲ್ಲಿ 1960ರ ದಶಕದಲ್ಲೇ ನಿಂತುಹೋದ ಮಾದರಿ ಕುರ್ಲಾದಲ್ಲಿ ಸಣ್ಣಪುಟ್ಟ ಬದಲಾವಣೆಗಳೊಂದಿಗೆ 2000ದ ಆಸುಪಾಸಿನವರೆಗೂ ತಯಾರಾಯಿತು. ಅಂಬಾಸಡರ್ ಅಂತೂ 2014ರ ಮೇ ತಿಂಗಳವರೆಗೆ ಬಂತು. ಹೀಗಾಗಿ 1970ರ ಕಾರಿಗೆ ಬೇಕಾದ ಎಷ್ಟೋ ಭಾಗಗಳು 1990ರಲ್ಲೂ ಹೊಸದಾಗಿ ಸಿಗುತ್ತಿದ್ದವು. ಒಬ್ಬ ಹುಡುಗ ಗ್ಯಾರೇಜಿನಲ್ಲಿ ಕಲಿತ ವಿದ್ಯೆ ಅವನು ಮುದುಕನಾಗುವವರೆಗೂ ಹಳತಾಗಲಿಲ್ಲ. ಮಾದರಿ ಬದಲಾಗದ ದೇಶದಲ್ಲಿ ಕಾರಿಗೆ ಮುಪ್ಪು ನಿಧಾನ.

ನೀಲಿ ಹೊಗೆ, ಕಪ್ಪು ಹೊಗೆ

ಆ ಕಾರುಗಳ ಎಂಜಿನ್ ಬಿಚ್ಚಿಟ್ಟರೆ ಗುಟ್ಟೇನೂ ಇರಲಿಲ್ಲ. ಫಿಯಟ್‌ನದು 1,089 ಸಿಸಿ, ಹಳೆಯ ಅಂಬಾಸಡರ್‌ನದು 1,489 ಸಿಸಿ. ಎರಡಕ್ಕೂ ನಾಲ್ಕು ಸಿಲಿಂಡರು. ಕಾರ್ಬುರೇಟರು ಗಾಳಿಗೆ ಪೆಟ್ರೋಲು ಬೆರೆಸಿ ಕೊಡುತ್ತದೆ, ಪ್ಲಗ್ ಕಿಡಿ ಹಾರಿಸುತ್ತದೆ, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕೆಂದು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ನಿರ್ಧರಿಸುತ್ತದೆ. ಪಾಯಿಂಟು ಸುಟ್ಟರೆ ಉಪ್ಪುಕಾಗದದಿಂದ ಉಜ್ಜಿದರಾಯಿತು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಚೋಕ್ ಎಳೆದು, ಸೆಲ್ಫ್ ಹೊಡೆದು, ಆಗದಿದ್ದರೆ ಅಕ್ಕಪಕ್ಕದವರನ್ನು ಕರೆದು ತಳ್ಳಿಸುವುದು ಯಾರಿಗೂ ಅವಮಾನದ ಸಂಗತಿಯಾಗಿರಲಿಲ್ಲ. ಅಂಬಾಸಡರ್‌ಗಾದರೆ ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸಿದರೂ ಆಗುತ್ತಿತ್ತು.

ಮೆಕ್ಯಾನಿಕ್‌ನ ವಿದ್ಯೆ ಕಣ್ಣು, ಕಿವಿ, ಮೂಗುಗಳಲ್ಲಿತ್ತು. ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ ಎಂದರ್ಥ. ಬಿಳಿ ಹೊಗೆ ಬಿಡದೇ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಸೇರುತ್ತಿದೆ. ನೀಲಿ ಹೊಗೆ ಬಂದರೆ ಮನೆಯ ಯಜಮಾನ ಬ್ಯಾಂಕಿನ ಪಾಸ್‌ಬುಕ್ ತೆಗೆಯಬೇಕು! ಏಕೆಂದರೆ ಪಿಸ್ಟನ್ ಸುತ್ತಲಿನ ರಿಂಗುಗಳು ಸವೆದು ಎಂಜಿನ್ ಆಯಿಲ್ ಮೇಲೆ ಬಂದು ಸುಡುತ್ತಿದೆ. ಇನ್ನು ಎಂಜಿನ್ ಇಳಿಸಲೇಬೇಕು.

ಎಂಜಿನ್ ಇಳಿಸುವ ಈ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಹಳೆಯ ಕಾರಿನ ಮರುಜನ್ಮ ನಡೆಯುತ್ತಿದ್ದುದು ಇಲ್ಲಿಯೇ. ಪಿಸ್ಟನ್ ಲಕ್ಷಾಂತರ ಸಲ ಮೇಲೆ ಕೆಳಗೆ ಓಡಾಡಿ ಸಿಲಿಂಡರಿನ ಒಳಗೋಡೆ ಸವೆದು ದುಂಡಗಿನ ಆಕಾರ ಕೆಟ್ಟಿರುತ್ತದೆ. ಎಂಜಿನ್ ಬ್ಲಾಕನ್ನು ಆಟೋರಿಕ್ಷಾದಲ್ಲಿ ಹಾಕಿಕೊಂಡು ಬೋರಿಂಗ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಯಂತ್ರ ಆ ಗೋಡೆಯನ್ನು ಕೂದಲೆಳೆಯಷ್ಟು ಕೊರೆದು ಮತ್ತೆ ದುಂಡಗೆ ಮಾಡುತ್ತದೆ. ಇದಕ್ಕೆ ‘ರೀಬೋರ್’ ಎನ್ನುತ್ತಾರೆ. ತೂತು ದೊಡ್ಡದಾದ್ದರಿಂದ ಪಿಸ್ಟನ್ನೂ ದೊಡ್ಡದು ಬೇಕು. ಅದಕ್ಕಾಗಿ ಇಂಚಿನ ಸಾವಿರದಲ್ಲಿ ಹತ್ತು, ಇಪ್ಪತ್ತು, ಮೂವತ್ತು ಪಾಲಿನಷ್ಟು ದಪ್ಪವಾದ ‘ಓವರ್‌ಸೈಜ್’ ಪಿಸ್ಟನ್‌ಗಳು ಬಾಕ್ಸಿನಲ್ಲಿ ಸಿದ್ಧವಾಗಿ ಸಿಗುತ್ತಿದ್ದವು. ಮತ್ತೆ ಸವೆದರೆ ಇನ್ನೊಂದು ಅಳತೆ ಮೇಲಕ್ಕೆ. ಕೊರೆಯಲು ಗೋಡೆಯೇ ಉಳಿಯದಿದ್ದಾಗ? ಒಳಗೊಂದು ಹೊಸ ಎರಕದ ಕಬ್ಬಿಣದ ಕೊಳವೆಯನ್ನು ಒತ್ತಿ ಕೂರಿಸುತ್ತಾರೆ. ಅದು ‘ಸ್ಲೀವ್’. ಎಂಜಿನ್ ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ಮೀಟರಿನ ಹಾಗೆ ಎಂಜಿನ್ನೂ ಸೊನ್ನೆಗೆ ಮರಳಿತು.

ಕಾರಿನ ಕಾರ್ಖಾನೆ ಬಾರದ ಬೆಂಗಳೂರಿಗೆ ಈ ಕೆಲಸ ಚೆನ್ನಾಗಿ ಒಗ್ಗಿತ್ತು. 1951ರಲ್ಲಿ ಆರಂಭವಾದ ಮೈಕೋ ಕಂಪನಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳನ್ನು ತಯಾರಿಸುತ್ತಿತ್ತು; ಪ್ಲಗ್ ಎಂದರೆ ಮೈಕೋ ಎಂಬಷ್ಟು ಹೆಸರು. (2008ರಿಂದ ಅದು ಬಾಷ್.) 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಜಾಲಹಳ್ಳಿಯಲ್ಲಿ ಲೇತ್ ಯಂತ್ರ ಮಾಡುತ್ತಿತ್ತು. ಅದಕ್ಕೂ ಮೊದಲೇ, 1941ರಿಂದ, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ಬರುತ್ತಿದ್ದವು. ಕಬ್ಬಿಣವನ್ನು ಅಳತೆಗೆ ಸರಿಯಾಗಿ ಕಡೆಯಬಲ್ಲ ಕೈಗಳಿಗೆ ಈ ಊರಲ್ಲಿ ಬರವಿರಲಿಲ್ಲ. ಅಂಗಡಿಯಲ್ಲಿ ಸಿಗದ ಬುಷ್ ಅಥವಾ ಪಿನ್ನನ್ನು ಲೇತ್‌ನವನಿಂದ ಕಡೆಸಿಕೊಂಡು ಹಾಕುವುದು ಮಾಮೂಲಿ ಸಂಗತಿ.

ಅಂಗಡಿಗಳ ವಿಷಯಕ್ಕೆ ಬಂದರೆ ಜೆ.ಸಿ. ರಸ್ತೆಯ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಸಾಗುವ ಈ ಜಯಚಾಮರಾಜೇಂದ್ರ ರಸ್ತೆ ನಾಟಕ ನೋಡುವವರಿಗೆ ರವೀಂದ್ರ ಕಲಾಕ್ಷೇತ್ರದ ರಸ್ತೆ, ಕಾರಿನವರಿಗೆ ಸ್ಪೇರ್ ಪಾರ್ಟ್ಸ್ ರಸ್ತೆ. ಇಲ್ಲಿ ಕಂಪನಿ ಹೆಸರು ಹೇಳಿದರೆ ಸಾಲದು. ಸವೆದ ಹಳೆಯ ಭಾಗವನ್ನು ಕಾಗದದಲ್ಲಿ ಸುತ್ತಿ ಒಯ್ದು ಕೌಂಟರಿನ ಮೇಲಿಡಬೇಕು. ‘ಒರಿಜಿನಲ್ ಬೇಕಾ, ಡೂಪ್ಲಿಕೇಟ್ ಸಾಕಾ?’ ಎಂಬುದು ಮೊದಲ ಪ್ರಶ್ನೆ. ಎರಡೂ ಕೈಗೆಟುಕದಿದ್ದರೆ ಮೂರನೇ ದಾರಿ ಶಿವಾಜಿನಗರದ ಗುಜರಿ. ಸತ್ತ ಕಾರಿನ ಬಾಗಿಲು, ಗಾಜು, ಗೇರ್‌ಬಾಕ್ಸುಗಳು ಅಲ್ಲಿ ಇನ್ನೊಂದು ಕಾರಿನ ಮೈಗೆ ಸೇರಲು ಕಾದಿರುತ್ತವೆ.

ಇಷ್ಟು ಹೇಳಿ ಗ್ಯಾರೇಜನ್ನು ಬರೀ ಹೊಗಳಿದರೆ ಅರ್ಧ ಸತ್ಯವಾದೀತು. ಆ ಕಾಲದ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದವರು ಹತ್ತು ಹನ್ನೆರಡು ವರ್ಷದ ಹುಡುಗರು. ಶಾಲೆ ಬಿಟ್ಟು ಬಂದ ಅವರಿಗೆ ಸಂಬಳಕ್ಕಿಂತ ಬೈಗುಳವೇ ಹೆಚ್ಚು. ಸೀಮೆಎಣ್ಣೆ, ಪೆಟ್ರೋಲಿನಲ್ಲೇ ಕೈತೊಳೆಯುತ್ತಿದ್ದರು. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧಿತ ಕೆಲಸಗಳ ಪಟ್ಟಿಗೆ ಮೋಟಾರು ಗ್ಯಾರೇಜು ಸೇರಿದ್ದು ತಡವಾಗಿ. ‘ಕಿವಿಯಲ್ಲೇ ಎಂಜಿನ್ ಓದುವ’ ಹಿರಿಯ ಮೆಕ್ಯಾನಿಕ್‌ಗಳಲ್ಲಿ ಅನೇಕರು ವಿದ್ಯೆ ಕಲಿತದ್ದು ಹಾಗೆ. ಅಗ್ಗದ ರಿಪೇರಿಯ ನಿಜವಾದ ಬೆಲೆ ತೆತ್ತವರು ಯಾರು ಎಂಬುದನ್ನು ಹಳೆಯ ಕಾರಿನ ಅಭಿಮಾನಿಗಳು ಸಾಮಾನ್ಯವಾಗಿ ನೆನೆಯುವುದಿಲ್ಲ.

ಮೆಕ್ಯಾನಿಕ್ ಮತ್ತು ಮನೆಯವರ ಸಂಬಂಧವಂತೂ ಮನೆ ವೈದ್ಯರದ್ದರಂತೆ. ಕಾರು ಕೊಳ್ಳುವ ಮೊದಲು ಅವರ ಅಭಿಪ್ರಾಯ ಬೇಕು, ಮಾರುವ ಮೊದಲೂ ಬೇಕು. ಜಗಳವಾಡಿ ಬೇರೆ ಗ್ಯಾರೇಜಿಗೆ ಹೋದವರು ಆರು ತಿಂಗಳಲ್ಲಿ ಮರಳಿ ಬರುತ್ತಿದ್ದರು. ಆಯುಧಪೂಜೆಯ ದಿನ ಕಾರು ತೊಳೆದು, ಬಾನೆಟ್‌ಗೆ ಸೇವಂತಿಗೆ ಹಾರ ಹಾಕಿ, ಎರಡೂ ಬದಿ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸುವ ಪದ್ಧತಿ ಎಲ್ಲರಿಗೂ ಗೊತ್ತು. ಗ್ಯಾರೇಜಿನಲ್ಲಿ ಅಂದು ಸ್ಪ್ಯಾನರು, ಜಾಕುಗಳಿಗೂ ಅರಿಶಿನ ಕುಂಕುಮ. ಹಳೆಯ ಗಿರಾಕಿಗಳ ಮನೆಯಿಂದ ಅಲ್ಲಿಗೆ ಸಿಹಿಯ ಡಬ್ಬಿ ಹೋಗುತ್ತಿತ್ತು.

ಹೀಗೆ ಎಂಜಿನ್ ಬದಲಾಗಿ, ಬಾಗಿಲು ಬದಲಾಗಿ, ಬಣ್ಣ ಬದಲಾದ ಕಾರು ಅದೇ ಕಾರು ಹೌದೋ ಅಲ್ಲವೋ? ತರ್ಕಶಾಸ್ತ್ರಿಗಳು ವಾದಿಸಲಿ, ಕಾನೂನಿಗೆ ಗೊಂದಲವಿಲ್ಲ. ಎಂಜಿನ್ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಬೇಕು. ಆದರೆ ಕಾರಿನ ಗುರುತು ಉಳಿಯುವುದು ಚಾಸಿಸ್ ಸಂಖ್ಯೆಯಲ್ಲಿ. ಗ್ರೀಸ್ ದೇಶದ ಥೆಸ್ಸಲೋನಿಕಿಯ ಟ್ಯಾಕ್ಸಿ ಚಾಲಕರೊಬ್ಬರು 1976ರ ಮರ್ಸಿಡಿಸ್ ಸೆಡಾನೊಂದನ್ನು 46 ಲಕ್ಷ ಕಿಲೋಮೀಟರು ಓಡಿಸಿ 2004ರಲ್ಲಿ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಅದರಲ್ಲೂ ಎಂಜಿನ್ ಹಲವು ಬಾರಿ ಬದಲಾಗಿತ್ತು. ದಾಖಲೆ ಮಾತ್ರ ಆ ಕಾರಿನದೇ. ಕ್ಯೂಬಾದಲ್ಲಿ 1959ರ ಕ್ರಾಂತಿಯ ನಂತರ ಅಮೆರಿಕದ ಹೊಸ ಕಾರುಗಳು ಬರುವುದು ನಿಂತಾಗ ಅಲ್ಲಿನ ಜನ 1950ರ ದಶಕದ ಷೆವರ್ಲೆಗಳನ್ನು ಇಂದಿಗೂ ಓಡಿಸುತ್ತಿರುವುದು ಪ್ರಸಿದ್ಧ. ಅಲ್ಲೂ ಗುರು ಕೊರತೆಯೇ.

ಕೆಡದ ಕಾರು ಬಂದ ಮೇಲೆ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಚಿಕ್ಕದು, ಹಗುರ, ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಹೊರಡುತ್ತಿತ್ತು. ಕಾರು ಎಂದರೆ ಕೆಡಲೇಬೇಕೆಂಬ ನಂಬಿಕೆಗೆ ಅದೇ ಮೊದಲ ಪೆಟ್ಟು. 1990ರಲ್ಲಿ ಮಾರುತಿ 1000, 1994ರಲ್ಲಿ ಎಸ್ಟೀಮ್, ಆರ್ಥಿಕ ಉದಾರೀಕರಣದ ಹಿಂದೆಯೇ ಡೇವೂ, ಒಪೆಲ್, ಹೋಂಡಾ, ಫೋರ್ಡ್, ಹುಂಡೈ. ಬೆಂಗಳೂರಿನಲ್ಲೇ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ತಯಾರಿಸಿದ್ದ ಸಿಪಾನಿ ಕಂಪನಿ ಇಂಗ್ಲೆಂಡಿನ ಮಾಂಟೆಗೊ ಎಂಬ ಸೆಡಾನ್ ಜೋಡಿಸಿ ಮಾರಲು ಹೋಗಿ ಕೈಸುಟ್ಟುಕೊಂಡಿತು. ಕೊನೆಗೂ ದೊಡ್ಡ ಕಾರ್ಖಾನೆ ಬಂತು. ಉತ್ತರಹಳ್ಳಿಯಿಂದ ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಸಿಗುವ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. ವಿಶ್ವೇಶ್ವರಯ್ಯನವರ ಪ್ರವಾಸ ಮುಗಿದು ಆಗಲೇ ಆರು ದಶಕ ಕಳೆದಿತ್ತು.

ಉತ್ತರಹಳ್ಳಿ ಬೆಳೆದದ್ದೂ ಇದೇ ಕಾಲದಲ್ಲಿ. ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಊರಿನ ಸುತ್ತಲಿನ ರಾಗಿ ಹೊಲಗಳು ನಿವೇಶನಗಳಾದವು. ಇದೇ ಹೆಸರಿನ ವಿಧಾನಸಭಾ ಕ್ಷೇತ್ರ 2008ರಲ್ಲಿ ಒಡೆದು ಹೋಗುವವರೆಗೆ ಮತದಾರರ ಸಂಖ್ಯೆಯಲ್ಲಿ ರಾಜ್ಯದಲ್ಲೇ ದೊಡ್ಡದಾಗಿತ್ತು ಎಂದರೆ ಬೆಳೆದ ವೇಗ ಊಹಿಸಬಹುದು. ಚರಂಡಿ, ಡಾಂಬರು ಬರುವ ಮೊದಲೇ ಮನೆ ಕಟ್ಟಿಕೊಂಡು ಬಂದ ಸಂಸಾರಗಳಿಗೆ ಬಸ್ಸು ದೂರ. ಸಾಲ ಮಾಡಿಯೋ ಪಿಎಫ್ ಹಣ ತೆಗೆದೋ ಕೊಂಡ ಸೆಡಾನ್ ಕೆಂಪು ಮಣ್ಣಿನ ಗುಂಡಿ ರಸ್ತೆಯಲ್ಲೇ ಓಡಾಡಿತು. ಸಸ್ಪೆನ್ಷನ್ ಬುಷ್‌ಗಳು ಬೇಗ ಸವೆದದ್ದಕ್ಕೆ ಕಾರಿನ ದೋಷಕ್ಕಿಂತ ರಸ್ತೆಯ ಕೊಡುಗೆಯೇ ಹೆಚ್ಚು.

ಈ ಹೊಸ ಕಾರುಗಳ ಜಾಯಮಾನ ಬೇರೆ. ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಟರ್ ಬಂತು. ಪಾಯಿಂಟಿನ ಜಾಗಕ್ಕೆ ಸೆನ್ಸರು, ಅವನ್ನೆಲ್ಲ ಆಳುವ ಪುಟ್ಟ ಕಂಪ್ಯೂಟರು. ಎರಡು ಲಕ್ಷ ಕಿಲೋಮೀಟರಾದರೂ ಎಂಜಿನ್ ಬಿಚ್ಚದ ಕಾರುಗಳಿವೆ. ಆಯಿಲ್, ಟೈಮಿಂಗ್ ಬೆಲ್ಟ್, ಕ್ಲಚ್‌ಗಳನ್ನು ಕಾಲಕಾಲಕ್ಕೆ ಬದಲಿಸಿದರೆ ಸಾಕು. ಆದರೆ ಕೆಟ್ಟಾಗ ಕಷ್ಟ. ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಉರಿದರೆ ಕಿವಿಗೊಟ್ಟು ಕೇಳಿ ಪ್ರಯೋಜನವಿಲ್ಲ, ಸ್ಕ್ಯಾನರ್ ಬೇಕು. ಸೆನ್ಸರನ್ನು ಉಪ್ಪುಕಾಗದದಿಂದ ಉಜ್ಜಲಾಗದು, ಲೇತ್‌ನಲ್ಲಿ ಕಡೆಯಲಾಗದು. ಕಂಪನಿಯೇ ದೇಶ ಬಿಟ್ಟಿದ್ದರೆ? ಡೇವೂ 2000ದ ದಶಕದ ಆರಂಭದಲ್ಲಿ ಮುಚ್ಚಿತು. ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಎಂಜಿನ್ ಗಟ್ಟಿಮುಟ್ಟಾಗಿರುವ ಕಾರು ಅಂಗೈಯಗಲದ ಒಂದು ಭಾಗ ಸಿಗದೆ ತಿಂಗಳುಗಟ್ಟಲೆ ಮರದಡಿ ನಿಲ್ಲುವುದುಂಟು. ಹಳೆಯದು ಪದೇ ಪದೇ ಕೆಡುತ್ತಿತ್ತು, ಆದರೆ ಯಾವಾಗಲೂ ರಿಪೇರಿಯಾಗುತ್ತಿತ್ತು. ಹೊಸದು ಕೆಡುವುದೇ ಇಲ್ಲ. ಕೆಟ್ಟರೆ ಕಥೆ ಮುಗಿಯಿತು.

ಇಂಧನವೂ ಬದಲಾಗುತ್ತ ಬಂತು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಮಕ್ಕಳ ಆರೋಗ್ಯದ ದೃಷ್ಟಿಯಿಂದ ಇದು ಬಹು ದೊಡ್ಡ ಒಳಿತು. ಹಳೆಯ ಎಂಜಿನ್‌ಗೆ ಮಾತ್ರ ಅದೇ ಸೀಸ ವಾಲ್ವ್ ಕೂರುವ ಜಾಗಕ್ಕೆ ಮೆತ್ತೆಯಂತಿತ್ತು; ಅದಿಲ್ಲದೆ ವಾಲ್ವ್ ಸೀಟುಗಳು ಬೇಗ ಸವೆಯತೊಡಗಿ ಗಟ್ಟಿ ಲೋಹದ ಸೀಟು ಹಾಕಿಸಬೇಕಾಯಿತು. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರು ಪೈಪು, ವಾಷರುಗಳನ್ನು ಹಾಳುಮಾಡುತ್ತದೆ. ದಿನಾ ಓಡುವ ಕಾರಿಗಿಂತ ತಿಂಗಳಿಗೊಮ್ಮೆ ಹೊರಡುವ ಕಾರಿಗೆ ಇದರ ಕಾಟ ಹೆಚ್ಚು. ಟ್ಯಾಂಕಿನಲ್ಲಿ ಪೆಟ್ರೋಲು ಬಹಳ ದಿನ ನಿಲ್ಲದಂತೆ ನೋಡಿಕೊಳ್ಳುವುದು, ಪೈಪುಗಳನ್ನು ಮೊದಲೇ ಬದಲಿಸುವುದು, ಇವು ಈಗಿನ ಹೊಸ ಪಾಠ.

ಇನ್ನು ಕಾಗದಪತ್ರ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಕಾರುಗಳಿಗೆ 10,000ಕ್ಕೆ ಏರಿತು. ರಾಜ್ಯದ ಹಸಿರು ತೆರಿಗೆ ಬೇರೆ. ಕಾರನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದರೆ ಹೊಸ ಕಾರಿನ ತೆರಿಗೆಯಲ್ಲಿ ಗರಿಷ್ಠ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಸರ್ಕಾರದ ಒಲವು ಎತ್ತ ಎಂಬುದು ಸ್ಪಷ್ಟ. ಆದರೂ ದಿಲ್ಲಿಯ ಸುತ್ತಮುತ್ತ ಇರುವ ಹಾಗೆ ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಖಾಸಗಿ ಕಾರನ್ನು ರಸ್ತೆಯಿಂದ ಇಳಿಸುವ ನಿರ್ಬಂಧ ಕರ್ನಾಟಕದಲ್ಲಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಓಡಿಸಬಹುದು. ಮುಂಬಯಿಯಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇದ್ದುದರಿಂದ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ಸೇವೆಯಿಂದ ಇಳಿಯಿತು.

ಹಳೆಯ ಕಾರು ಹೊಗೆ ಹೆಚ್ಚು ಉಗುಳುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹೊಗೆ ತಪಾಸಣೆಯ ನಿಯಮವೇ ಅದನ್ನು ಒಪ್ಪಿಕೊಂಡಿದೆ: ಭಾರತ್ ಸ್ಟೇಜ್–2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಶೇ 3ರಷ್ಟು ಕಾರ್ಬನ್ ಮಾನಾಕ್ಸೈಡ್‌ಗೆ ಅವಕಾಶವಿದ್ದರೆ ಸ್ಟೇಜ್–2ರ ಕಾರಿಗೆ ಶೇ 0.5. ಅಂದರೆ ಆರು ಪಟ್ಟು ರಿಯಾಯಿತಿ. ಏರ್‌ಬ್ಯಾಗ್, ಎಬಿಎಸ್ ಇಲ್ಲದ ಕಾರಿನಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ನೈಸ್ ರಸ್ತೆಗೆ ಹೋಗುವುದು ಜಾಣತನವೂ ಅಲ್ಲ. ವಾಹನಗಳ ಸಂಖ್ಯೆ ಕೋಟಿ ದಾಟಿದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಅದೇ ವೇಳೆ ತಿಂಗಳಿಗೆ ನೂರು ಕಿಲೋಮೀಟರು ಓಡುವ ಹಳೆಯ ಕಾರನ್ನು, ದಿನಕ್ಕೆ ನೂರು ಓಡುವ ಹೊಸ ಕಾರನ್ನು ಬರೀ ಹುಟ್ಟಿದ ವರ್ಷದಿಂದ ತೂಗುವುದು ಯಾವ ನ್ಯಾಯ ಎಂಬ ಪ್ರಶ್ನೆಯೂ ಉಳಿಯುತ್ತದೆ. ಕನಕಪುರ ರಸ್ತೆಗೆ ಮೆಟ್ರೊ ಬಂದ ಮೇಲೆ, 2021ರ ಜನವರಿಯಿಂದ, ಉತ್ತರಹಳ್ಳಿ ಕಡೆಯ ಎಷ್ಟೋ ಮಂದಿ ಕೋಣನಕುಂಟೆ ಕ್ರಾಸ್‌ನಲ್ಲೋ ದೊಡ್ಡಕಲ್ಲಸಂದ್ರದಲ್ಲೋ ರೈಲು ಹತ್ತುತ್ತಾರೆ. ಅಂಥ ಮನೆಗಳ ಹಳೆಯ ಸೆಡಾನ್ ಗೇಟು ದಾಟುವುದು ದೇವಸ್ಥಾನಕ್ಕೆ, ಆಸ್ಪತ್ರೆಗೆ, ಊರಿಗೆ ಮಾತ್ರ.

ಐವತ್ತು ವರ್ಷ ದಾಟಿದ ಕಾರಿಗೆ ಕಾನೂನು ಬೇರೆಯೇ ಗೌರವ ಕೊಡುತ್ತದೆ. 2021ರ ಜುಲೈನ ನಿಯಮದಂತೆ ಅದು ‘ವಿಂಟೇಜ್’. ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳು, 20,000 ರೂಪಾಯಿ ಶುಲ್ಕ. ಆದರೆ ಅದನ್ನು ಪ್ರದರ್ಶನ, ರ್‍ಯಾಲಿಗಳಿಗೆ ತೆಗೆಯಬಹುದೇ ಹೊರತು ತರಕಾರಿ ತರಲು ಒಯ್ಯುವಂತಿಲ್ಲ. 15ರಿಂದ 50ರ ನಡುವಿನ ಮೂವತ್ತೈದು ವರ್ಷ ಕಾರು ಹಳತೂ ಹೌದು, ಪುರಾತನವಲ್ಲ. ಉತ್ತರಹಳ್ಳಿಯ ಎಸ್ಟೀಮ್, ಆ್ಯಕ್ಸೆಂಟ್‌ಗಳು ಇರುವುದು ಈ ನಡುಗಾಲದಲ್ಲಿ.

ನೋಂದಣಿ ನವೀಕರಣಕ್ಕೆ ಹೊರಟ ಕಾರಿನ ಚಾಸಿಸ್ ಸಂಖ್ಯೆಯ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆಯುತ್ತಾರೆ. ತುಕ್ಕು ಹಿಡಿದಿದ್ದರೆ ಮೊದಲು ಅಲ್ಲಿ ಎಣ್ಣೆ ಹಚ್ಚಿ ಒರೆಸಬೇಕು. ಮೆಕ್ಯಾನಿಕ್ ಅದನ್ನು ಹಿಂದಿನ ದಿನವೇ ಮಾಡಿರುತ್ತಾನೆ. ಇನ್‌ಸ್ಪೆಕ್ಟರು ದೀಪ, ಬ್ರೇಕು, ಟೈರು ನೋಡುತ್ತಾರೆ, ಹೊಗೆಯ ಚೀಟಿ, ವಿಮೆ ನೋಡುತ್ತಾರೆ. ಅರ್ಜಿ ಸಲ್ಲಿಸುವುದು 25ನೇ ನಮೂನೆಯಲ್ಲಿ. ಅದರಲ್ಲಿ ಮಾಲೀಕರ ವಿಳಾಸಕ್ಕೆ ಜಾಗವಿದೆ, ಹಳೆಯ ನೋಂದಣಿ ಮುಗಿಯುವ ದಿನಾಂಕಕ್ಕೂ ಜಾಗವಿದೆ. ಕಾರು ಎಷ್ಟು ಕಿಲೋಮೀಟರು ಓಡಿದೆ ಎಂದು ಬರೆಯಲು ಮಾತ್ರ ಅಂಕಣವಿಲ್ಲ.